ಗೌರಿಯಿಂದ ಆರಂಭಿಸಿ: ಬೆಂಗಳೂರಿನ ಮನೆಯಲ್ಲಿ ಗೌರಿ-ಗಣೇಶ ಹಬ್ಬ ಮಾಡುವ ಬಗೆ

ಭಾದ್ರಪದ ಬಂತೆಂದರೆ ಬೆಂಗಳೂರಿನ ರಸ್ತೆಗಳಲ್ಲಿ ಕಾಣುವುದೆಲ್ಲ ಗಣೇಶನೇ. ಶಾಮಿಯಾನ, ಧ್ವನಿವರ್ಧಕ, ತಮಟೆ, ತೆರೆದ ಲಾರಿಯ ಮೇಲೆ ಕುಳಿತ ಎತ್ತರದ ವಿಗ್ರಹ, ಇವಿಷ್ಟನ್ನೇ ನೋಡಿದವರಿಗೆ ಇದು ಒಬ್ಬ ದೇವರ ಒಂದು ದಿನದ ಹಬ್ಬವೆಂದು ತೋರಿದರೆ ಅಚ್ಚರಿಯಿಲ್ಲ. ಆದರೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಇದು ಎರಡು ದಿನಗಳ ಹಬ್ಬ. ತದಿಗೆಯ ದಿನ ಗೌರಿ ತವರಿಗೆ ಬರುತ್ತಾಳೆ, ಮರುದಿನ ಚೌತಿಗೆ ತಾಯಿಯನ್ನು ಕರೆದೊಯ್ಯಲು ಗಣಪತಿ ಬರುತ್ತಾನೆ, ಅನಂತರ ಇಬ್ಬರಿಗೂ ಬುತ್ತಿ ಕಟ್ಟಿ ಮನೆಮಂದಿ ಕಳುಹಿಸಿಕೊಡುತ್ತಾರೆ. ಬರಮಾಡಿಕೊಳ್ಳುವುದು, ಉಪಚರಿಸುವುದು, ಬೀಳ್ಕೊಡುವುದು ಎಂಬ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಬ್ಬದ ಒಂದೊಂದು ಆಚರಣೆಯೂ ತನ್ನ ಅರ್ಥವನ್ನು ತಾನೇ ಹೇಳುತ್ತದೆ. ಗೌರಿಯನ್ನು ಬಿಟ್ಟು ಚೌತಿಯಿಂದ ನೇರವಾಗಿ ಆರಂಭಿಸಿದರೆ ಅರ್ಧ ಹಬ್ಬ ಕೈಬಿಟ್ಟಂತೆಯೇ ಸರಿ.

ಮದುವೆಯಾಗಿ ಬೇರೆ ಮನೆ ಹೂಡಿರುವವರು, ಹಿರಿಯರು ಊರಿನಲ್ಲಿದ್ದು ಈ ಬಾರಿ ತಾವೇ ಹಬ್ಬ ಮಾಡಬೇಕಾಗಿ ಬಂದಿರುವವರು, ಚಿಕ್ಕಂದಿನಿಂದ ಕಡುಬು ತಿಂದಿದ್ದರೂ ಪೂಜೆಯ ಒಳಹೊರಗು ತಿಳಿಯದವರು, ಇಂಥವರನ್ನು ಗಮನದಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಮನೆಯ ಪದ್ಧತಿ ಕೇಳಿ, ಆಮೇಲೆ ಪಂಚಾಂಗ ನೋಡಿ

ಹಬ್ಬಕ್ಕೆ ಹದಿನೈದು ಇಪ್ಪತ್ತು ದಿನಗಳಿರುವಾಗಲೇ ತಾಯಿಗೋ ಅತ್ತೆಗೋ ದೊಡ್ಡಮ್ಮನಿಗೋ ಫೋನ್ ಮಾಡಿ, "ನಮ್ಮಲ್ಲಿ ಗೌರಿ ಕೂರಿಸೋ ಪದ್ಧತಿ ಹೇಗೆ?" ಎಂದು ಕೇಳಿಕೊಳ್ಳುವುದು ಎಲ್ಲಕ್ಕಿಂತ ಮೊದಲ ಕೆಲಸ. ಕೆಲವರ ಮನೆಯಲ್ಲಿ ಮಣ್ಣಿನ ಗೌರಿ, ಕೆಲವರಲ್ಲಿ ಅರಿಶಿನವನ್ನು ಕಲಸಿ ಗೋಪುರದಂತೆ ನಿಲ್ಲಿಸಿದ ಗೌರಿ, ಇನ್ನು ಕೆಲವರಲ್ಲಿ ಕಲಶಕ್ಕೆ ಮುಖವಾಡವಿಟ್ಟ ಗೌರಿ. ಗೌರಿಯನ್ನು ಕೂರಿಸುವ ಸಂಪ್ರದಾಯವೇ ಇಲ್ಲದ ಮನೆಗಳೂ ಇವೆ. ಎಷ್ಟು ದಿನ ಇಡುತ್ತಾರೆ, ಎಷ್ಟು ಬಾಗಿನ ಕೊಡುತ್ತಾರೆ, ನೈವೇದ್ಯಕ್ಕೆ ಒಬ್ಬಟ್ಟೋ ಪಾಯಸವೋ ಎಂಬ ಪ್ರಶ್ನೆಗಳಿಗೆ ಯಾವ ಪೂಜಾ ಪುಸ್ತಕದಲ್ಲಿಯೂ ನಿಮ್ಮ ಮನೆಯ ಉತ್ತರ ಸಿಗುವುದಿಲ್ಲ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಜ್ಯೇಷ್ಠಾ ಗೌರಿ ಬರುವುದು ಚೌತಿಯ ನಂತರ: ಅನೂರಾಧಾ ನಕ್ಷತ್ರದಂದು ಆವಾಹನೆ, ಜ್ಯೇಷ್ಠಾ ನಕ್ಷತ್ರದಂದು ಪೂಜೆ, ಮೂಲಾ ನಕ್ಷತ್ರದಂದು ವಿಸರ್ಜನೆ. ಗಂಡನ ಮನೆ ಧಾರವಾಡ, ಹೆಂಡತಿಯ ಮನೆ ಮಂಡ್ಯ ಆಗಿರುವುದು ಬೆಂಗಳೂರಿನಲ್ಲಿ ಸಾಮಾನ್ಯವಾದ್ದರಿಂದ ಇದನ್ನು ಮೊದಲೇ ಮಾತಾಡಿಕೊಂಡರೆ ಹಬ್ಬದ ಬೆಳಿಗ್ಗೆ ವಾದಕ್ಕೆ ಎಡೆಯಿರುವುದಿಲ್ಲ.

ಗೌರಿ ಹಬ್ಬ, ಅಂದರೆ ಸ್ವರ್ಣಗೌರೀ ವ್ರತ, ಭಾದ್ರಪದ ಶುಕ್ಲ ತದಿಗೆಯಂದು. ವಿನಾಯಕ ವ್ರತ ಶುಕ್ಲ ಚೌತಿಯಂದು. ತಿಥಿಗಳು ಚಂದ್ರನ ಗತಿಯನ್ನು ಅನುಸರಿಸುವುದರಿಂದ ಹಬ್ಬದ ದಿನಾಂಕ ವರ್ಷವರ್ಷಕ್ಕೂ ಸರಿಯುತ್ತದೆ. 2024ರಲ್ಲಿ ಸೆಪ್ಟೆಂಬರ್ 6 ಮತ್ತು 7ರಂದು ಬಂದ ಹಬ್ಬ 2025ರಲ್ಲಿ ಆಗಸ್ಟ್ 26 ಮತ್ತು 27ಕ್ಕೆ ಬಂತು. ಕೆಲವು ವರ್ಷ ಎರಡೂ ಒಂದೇ ದಿನ ಬೀಳುವುದುಂಟು. ಆಗ ಬೆಳಿಗ್ಗೆ ಗೌರಿಗೂ ಮಧ್ಯಾಹ್ನ ಗಣಪತಿಗೂ ಪೂಜೆ ನಡೆಯುತ್ತದೆ. ಒಂಟಿಕೊಪ್ಪಲ್ ಪಂಚಾಂಗವೋ ನಿಮ್ಮ ಮಠದ ಪಂಚಾಂಗವೋ, ಮನೆಯವರು ಅನುಸರಿಸುವುದನ್ನೇ ನೀವೂ ಅನುಸರಿಸಿದರೆ ಗೊಂದಲವಿಲ್ಲ. ಗಣಪತಿಯ ಪೂಜೆಗೆ ಚೌತಿ ತಿಥಿಯು ಮಧ್ಯಾಹ್ನಕಾಲದಲ್ಲಿ ವ್ಯಾಪಿಸಿರಬೇಕೆಂಬುದು ನಿಯಮ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಐದು ಭಾಗ ಮಾಡಿದರೆ ಮೂರನೆಯ ಭಾಗವೇ ಮಧ್ಯಾಹ್ನ. ಈ ಕಾಲದಲ್ಲಿ ಬೆಂಗಳೂರಿನಲ್ಲಿ ಅದು ಸುಮಾರು 11 ಗಂಟೆಯಿಂದ 1:30ರವರೆಗೆ. ಹೀಗಾಗಿ ಚೌತಿಯಂದು ಬೆಳಗಿನ ಜಾವವೇ ಪೂಜೆ ಮುಗಿಸುವ ಧಾವಂತ ಬೇಕಿಲ್ಲ, ಅಡುಗೆಗೂ ಅಲಂಕಾರಕ್ಕೂ ಬೇಕಾದಷ್ಟು ಸಮಯ ಉಳಿಯುತ್ತದೆ.

ಮಣ್ಣಿನ ವಿಗ್ರಹವನ್ನೇ ತನ್ನಿ

ಪಾಟರಿ ಟೌನಿನ ಕುಂಬಾರರ ಬೀದಿಗಳಲ್ಲಿ ಹಬ್ಬಕ್ಕೆ ತಿಂಗಳುಗಳ ಮೊದಲೇ ಕೆಲಸ ಆರಂಭವಾಗಿರುತ್ತದೆ. ಹಬ್ಬದ ವಾರದಲ್ಲಿ ಆರ್.ವಿ. ರಸ್ತೆಯ ಬದಿಯಲ್ಲಿ, ಮಲ್ಲೇಶ್ವರದಲ್ಲಿ, ಗಾಂಧಿ ಬಜಾರಿನಲ್ಲಿ, ಜಯನಗರ 4ನೇ ಬ್ಲಾಕಿನಲ್ಲಿ ಗೌರಿ-ಗಣೇಶರ ಜೋಡಿ ಸಾಲುಸಾಲಾಗಿ ಕುಳಿತಿರುತ್ತದೆ. ಸಾಧ್ಯವಿದ್ದರೆ ಪಾಟರಿ ಟೌನಿಗೆ ಹೋಗಿ ಮಾಡುವವರ ಕೈಯಿಂದಲೇ ಕೊಳ್ಳುವುದು ಒಳ್ಳೆಯದು. ಬಣ್ಣ ಹಚ್ಚದ ಹಸಿಮಣ್ಣಿನ ವಿಗ್ರಹವನ್ನು ಮೊದಲೇ ಹೇಳಿ ಮಾಡಿಸಿಕೊಳ್ಳುವ ಅವಕಾಶ ಅಲ್ಲಿರುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ವಿಗ್ರಹ ಏಕೆ ಬೇಡವೆಂಬುದಕ್ಕೆ ಎರಡು ಕಾರಣಗಳಿವೆ. ಒಂದು, ಅದು ನೀರಿನಲ್ಲಿ ಮಣ್ಣಿನಂತೆ ಕರಗಿ ಹೋಗುವುದಿಲ್ಲ, ತಿಂಗಳುಗಟ್ಟಲೆ ಕೆರೆಯ ತಳದಲ್ಲಿ ಉಳಿಯುತ್ತದೆ; ಅದರ ಮೇಲಿನ ರಾಸಾಯನಿಕ ಬಣ್ಣಗಳಲ್ಲಿ ಸೀಸದಂತಹ ಭಾರಲೋಹಗಳು ಇರಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಪರಿಷ್ಕೃತ ಮಾರ್ಗಸೂಚಿ ಇಂತಹ ವಿಗ್ರಹಗಳನ್ನು ನಿಷೇಧಿಸುತ್ತದೆ. ಎರಡನೆಯ ಕಾರಣ ಹಬ್ಬದ ಒಳಗೇ ಇದೆ. ಪಾರ್ವತಿ ತನ್ನ ಮೈಯ ಲೇಪವನ್ನು ತೆಗೆದು ಬಾಲಕನನ್ನು ಮಾಡಿ ಬಾಗಿಲು ಕಾಯಲು ನಿಲ್ಲಿಸಿದಳೆಂಬುದು ಗಣಪತಿಯ ಜನ್ಮಕಥೆ. ಕೈಯಿಂದ ರೂಪುಗೊಂಡವನನ್ನು ಕೈಯಿಂದಲೇ ರೂಪಿಸಿ, ಪೂಜಿಸಿ, ಮತ್ತೆ ಮಣ್ಣಿಗೆ ಸೇರಿಸುವ ಈ ವ್ರತಕ್ಕೆ ಕರಗದ ವಸ್ತು ಹೊಂದುವುದೇ ಇಲ್ಲ.

ಗುರುತಿಸುವುದು ಕಷ್ಟವಲ್ಲ. ಮಣ್ಣಿನ ವಿಗ್ರಹ ತೂಕವಾಗಿರುತ್ತದೆ, ತಳವನ್ನು ತಿರುಗಿಸಿ ನೋಡಿದರೆ ಒಳಗೆ ಕಂದು ಮಣ್ಣು ಕಾಣುತ್ತದೆ, ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿದ್ದು, ಕೆರೆದ ಜಾಗದಲ್ಲಿ ಅಚ್ಚ ಬಿಳುಪು ಕಂಡರೆ ಅದನ್ನು ಬಿಟ್ಟುಬಿಡಿ. ಎತ್ತರ ಒಂದು ಅಡಿಯೊಳಗಿದ್ದರೆ ಮನೆಯ ಬಕೆಟಿನಲ್ಲಿಯೇ ವಿಸರ್ಜಿಸಬಹುದು. ತರುವಾಗ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ವಿಗ್ರಹವನ್ನಿಟ್ಟು, ಬಟ್ಟೆ ಮುಚ್ಚಿ, ಜಾಗಟೆಯೋ ಗಂಟೆಯೋ ಬಾರಿಸುತ್ತ ಕರೆತರುವುದು ರೂಢಿ. ಆಟೋದಲ್ಲಿ ಹೋಗುವವರು ವಿಗ್ರಹವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು ಕ್ಷೇಮ. ರಸ್ತೆಯ ಉಬ್ಬುಗಳಿಗೆ ಮೊದಲು ಬಲಿಯಾಗುವುದು ಸೊಂಡಿಲು.

ಮುಂಚಿನ ದಿನಗಳ ಕೈಕೆಲಸ

ಗ್ರಂಥಿಗೆ ಅಂಗಡಿಯ ಸಾಮಾನುಗಳನ್ನು ಒಂದು ವಾರ ಮೊದಲೇ ತಂದಿಟ್ಟುಕೊಳ್ಳಿ: ಅರಿಶಿನ, ಕುಂಕುಮ, ಗಂಧ, ಕರ್ಪೂರ, ಊದುಬತ್ತಿ, ಜನಿವಾರ, ಬತ್ತಿ, ಗೌರಿ ದಾರ, ಅಡಿಕೆ. ಹೂವು, ಬಾಳೆಕಂದು, ಮಾವಿನ ಸೊಪ್ಪು, ಪತ್ರೆಗಳನ್ನು ಹಿಂದಿನ ದಿನವೇ ತರಬೇಕು. ಹಬ್ಬದ ಹಿಂದಿನ ಸಂಜೆ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಸೇವಂತಿಗೆಯ ಬೆಲೆಯೂ ಏರಿರುತ್ತದೆ. ಬೆಳಿಗ್ಗೆ ಬೇಗ ಕೆ.ಆರ್. ಮಾರುಕಟ್ಟೆಗೆ ಹೋಗಬಲ್ಲವರಿಗೆ ಎರಡೂ ತೊಂದರೆ ಕಡಿಮೆ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಾದರೂ ಮನೆಯಲ್ಲಿಯೇ ಮಾಡಬೇಕೆಂದು ನಾನು ಒತ್ತಿ ಹೇಳುವ ಒಂದು ವಸ್ತುವಿದೆ, ಅದು ಗೆಜ್ಜೆವಸ್ತ್ರ. ಹತ್ತಿಯಿಂದ ಬೀಜ ಬಿಡಿಸಿ, ಅರಳೆಯನ್ನು ತೆಳ್ಳಗೆ ಎಳೆದು, ಬೆರಳನ್ನು ಹಾಲಿನಲ್ಲಿಯೋ ನೀರಿನಲ್ಲಿಯೋ ಅದ್ದಿ, ಸಮಾನ ಅಂತರದಲ್ಲಿ ಹೊಸೆಯುತ್ತ ಹೋದರೆ ನಡುನಡುವೆ ಗುಂಡಗಿನ ಗೆಜ್ಜೆಗಳು ಏಳುತ್ತವೆ. ಹೊಸೆದ ಕಡೆ ಕುಂಕುಮದ ಚುಕ್ಕೆಯಿಟ್ಟರೆ ದೇವರ ವಸ್ತ್ರ ಸಿದ್ಧ. ಅಜ್ಜಿಯರು ಮಧ್ಯಾಹ್ನದ ಊಟವಾದ ಮೇಲೆ ಮಾತಾಡುತ್ತಲೇ ಮೊಳಗಟ್ಟಲೆ ಹೊಸೆಯುತ್ತಿದ್ದ ಇದನ್ನು ಏಳೆಂಟು ವರ್ಷದ ಮಕ್ಕಳು ಒಂದು ಸಂಜೆಯಲ್ಲಿ ಕಲಿಯುತ್ತಾರೆ. ತಾವು ಹೊಸೆದದ್ದು ದೇವರ ಕೊರಳಿಗೇರುವುದನ್ನು ಕಂಡ ಮಕ್ಕಳಿಗೆ ಹಬ್ಬವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ತದಿಗೆ: ಮಗಳು ಬರುವ ದಿನ

ಗೌರಿಯ ಪೂಜೆ ಬೆಳಿಗ್ಗೆಯೇ ನಡೆಯುತ್ತದೆ. ಹೊಸ್ತಿಲಿಗೆ ಅರಿಶಿನ ಕುಂಕುಮ, ಬಾಗಿಲಿಗೆ ಮಾವಿನ ತೋರಣ, ಅಂಗಳವಿಲ್ಲದಿದ್ದರೆ ಫ್ಲ್ಯಾಟಿನ ಬಾಗಿಲ ಮುಂದೆಯೇ ಚಿಕ್ಕದೊಂದು ರಂಗೋಲಿ. ಮಂಟಪದಲ್ಲಿ ಅಕ್ಕಿ ಹರಡಿದ ಮಣೆಯ ಮೇಲೆ ಗೌರಿಯನ್ನು ಕೂರಿಸಿ, ಮೊದಲು ಅರಿಶಿನದಿಂದ ಮಾಡಿದ ಪುಟ್ಟ ಗಣಪನನ್ನು ಪೂಜಿಸಿ, ಅನಂತರ ಗೌರಿಗೆ ಹದಿನಾರು ಉಪಚಾರಗಳನ್ನು ಸಲ್ಲಿಸಬೇಕು.

ಈ ವ್ರತದಲ್ಲಿ ಹದಿನಾರರ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ. ಹದಿನಾರು ಗಂಟಿನ ದಾರವನ್ನು ಗೌರಿಯ ಮುಂದಿಟ್ಟು, ಗಂಟುಗಳಿಗೆ ಒಂದೊಂದಾಗಿ ಪೂಜೆ ಸಲ್ಲಿಸಿ, ಹೆಂಗಸರು ಬಲಗೈಗೆ ಕಟ್ಟಿಕೊಳ್ಳುತ್ತಾರೆ. ವ್ರತಕಥೆಯಲ್ಲಿ ಚಂದ್ರಪ್ರಭನೆಂಬ ರಾಜ ಬೇಟೆಗೆ ಹೋದಾಗ ಸರೋವರದ ದಡದಲ್ಲಿ ಈ ವ್ರತವನ್ನು ಕಂಡು ದಾರ ಕಟ್ಟಿಕೊಂಡು ಅರಮನೆಗೆ ಬರುತ್ತಾನೆ. ಸಿಟ್ಟಾದ ಒಬ್ಬ ರಾಣಿ ಅದನ್ನು ಕಿತ್ತು ಒಣಮರದ ಮೇಲೆ ಎಸೆಯುತ್ತಾಳೆ, ಮರ ಚಿಗುರುತ್ತದೆ. ಅದನ್ನು ಕಂಡ ಇನ್ನೊಬ್ಬ ರಾಣಿ ದಾರವನ್ನು ತಾನು ಕಟ್ಟಿಕೊಳ್ಳುತ್ತಾಳೆ. ಪೂಜೆಯ ಕೊನೆಯಲ್ಲಿ ಕೈಯಲ್ಲಿ ಅಕ್ಷತೆ ಹಿಡಿದು ಈ ಕಥೆಯನ್ನು ಓದುವುದನ್ನು, ಕೇಳುವುದನ್ನು ಬಿಡಬೇಡಿ. ಮಂತ್ರ ತಿಳಿಯದವರೂ ವ್ರತದೊಳಕ್ಕೆ ಹೋಗುವ ದಾರಿ ಅದು.

ಇನ್ನು ಬಾಗಿನ. ಜೋಡಿ ಬಿದಿರಿನ ಮೊರಗಳನ್ನು ತಂದು, ತೊಳೆದು ಒಣಗಿಸಿ, ಅರಿಶಿನ ಬಳಿದು, ಕುಂಕುಮವಿಡಬೇಕು. ಒಂದು ಮೊರದಲ್ಲಿ ಅಕ್ಕಿ, ಗೋಧಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ಉದ್ದಿನಬೇಳೆ, ರವೆ, ಬೆಲ್ಲದ ಅಚ್ಚು, ತೆಂಗಿನಕಾಯಿ, ರವಿಕೆ ಕಣ, ಬಳೆ, ಬಿಚ್ಚೋಲೆ, ಕರಿಮಣಿ, ಪುಟ್ಟ ಕನ್ನಡಿ, ಬಾಚಣಿಗೆ, ಅರಿಶಿನ ಕುಂಕುಮದ ಪೊಟ್ಟಣ, ವೀಳ್ಯದೆಲೆ, ಅಡಿಕೆ, ಹಣ್ಣು, ದಕ್ಷಿಣೆ ಇಟ್ಟು, ಇನ್ನೊಂದು ಮೊರವನ್ನು ಮೇಲೆ ಮುಚ್ಚಬೇಕು. ಮದುವೆಯಾದ ಮೊದಲ ವರ್ಷ ಹದಿನಾರು ಬಾಗಿನ ಕೊಡಿಸುವ ಮನೆಗಳಿವೆ, ಐದಕ್ಕೆ ನಿಲ್ಲಿಸುವ ಮನೆಗಳೂ ಇವೆ. ಕೊಡುವವರೂ ತೆಗೆದುಕೊಳ್ಳುವವರೂ ಎದುರುಬದುರು ನಿಂತು, ಸೆರಗನ್ನು ಮೊರದ ಮೇಲೆ ಹೊದಿಸಿ, ಇಬ್ಬರೂ ಹಿಡಿದುಕೊಂಡು ಬಾಗಿನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೊದಲ ಬಾಗಿನ ಗೌರಿಗೆ, ಅನಂತರ ತಾಯಿ, ಅತ್ತೆ, ನಾದಿನಿ, ನೆರೆಮನೆಯವರಿಗೆ.

ಅಂಗಡಿಯಲ್ಲಿ ಎಲ್ಲವನ್ನೂ ಪೊಟ್ಟಣ ಕಟ್ಟಿ ಮಾರುವ ಬಾಗಿನದ ಸೆಟ್ ಸಿಗುತ್ತದೆ. ಅದರ ಬೇಳೆ ಹಿಡಿಯಷ್ಟೂ ಇರುವುದಿಲ್ಲ, ಬಳೆ ಯಾರ ಕೈಗೂ ಆಗುವುದಿಲ್ಲ. ಒಂದು ಹೊತ್ತಿನ ಅಡುಗೆಗಾದರೂ ಸಾಲುವಷ್ಟು ಧಾನ್ಯ, ತೊಡಬಹುದಾದ ಬಳೆ, ಹೊಲಿಸಬಹುದಾದ ಕಣವನ್ನಿಟ್ಟು ಎರಡೇ ಬಾಗಿನ ಕೊಟ್ಟರೂ ಅದು ನಿಜವಾದ ಕೊಡುಗೆಯಾಗುತ್ತದೆ. ಬಾಗಿನವನ್ನೂ ಅರಿಶಿನ ಕುಂಕುಮವನ್ನೂ ಮುತ್ತೈದೆಯರಿಗೆ ಮಾತ್ರ ಎಂದು ಕಟ್ಟಿಹಾಕಿ, ಗಂಡನನ್ನು ಕಳೆದುಕೊಂಡ ತಾಯಿಯೋ ಅತ್ತಿಗೆಯೋ ಒಳಕೋಣೆಯಲ್ಲಿ ಕುಳಿತಿರುವಂತೆ ಮಾಡುವ ರೂಢಿಯನ್ನು ಈಗ ಅನೇಕ ಮನೆಗಳು ಬಿಟ್ಟಿವೆ. ತವರಿಗೆ ಬಂದ ಮಗಳ ಹಬ್ಬದಲ್ಲಿ ಮನೆಯ ಮಗಳೊಬ್ಬಳನ್ನೇ ಹೊರಗಿಡುವುದಕ್ಕೆ ನನಗಂತೂ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತವರಿನಿಂದ ಅರಿಶಿನ ಕುಂಕುಮಕ್ಕೆಂದು ಗೌರಿ ಹಬ್ಬದ ದುಡ್ಡು ಬರುತ್ತದೆ. ಹಿಂದೆ ಅಣ್ಣತಮ್ಮಂದಿರು ಮನಿಯಾರ್ಡರ್ ಕಳುಹಿಸುತ್ತಿದ್ದರು, ಈಗ ಫೋನಿನಲ್ಲಿಯೇ ಸೇರುತ್ತದೆ. ಮೊತ್ತ ಎಷ್ಟೇ ಆಗಿರಲಿ, ಅಕ್ಕತಂಗಿಯರಿದ್ದವರು ಇದನ್ನು ಮರೆಯಬಾರದು.

ಚೌತಿ: ಪೂಜೆಯ ಕ್ರಮ

ಪುರೋಹಿತರನ್ನು ಕರೆಸುವುದಾದರೆ ತಿಂಗಳು ಮೊದಲೇ ಹೇಳಿಡಬೇಕು. ಅಂದು ಅವರಿಗೆ ಹತ್ತಾರು ಮನೆಗಳಿರುತ್ತವೆ. ನೀವೇ ಮಾಡುವುದಾದರೆ ಕನ್ನಡ ಲಿಪಿಯ ವ್ರತಪುಸ್ತಕವನ್ನು ಹಿಂದಿನ ದಿನ ಒಮ್ಮೆ ಓದಿಕೊಂಡರೆ ಸಾಕು. ಮುಖ್ಯ ಹಂತಗಳು ಹೀಗಿವೆ.

ಆಚಮನವಾದ ಮೇಲೆ ಸಂಕಲ್ಪ. ಜಂಬೂದ್ವೀಪ, ಭರತವರ್ಷ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ ಎಂದು ಸ್ಥಳವನ್ನೂ, ಶಾಲಿವಾಹನ ಶಕೆ, ಸಂವತ್ಸರ, ದಕ್ಷಿಣಾಯನ, ವರ್ಷಋತು, ಭಾದ್ರಪದ, ಶುಕ್ಲ ಪಕ್ಷ, ಚತುರ್ಥಿ ಎಂದು ಕಾಲವನ್ನೂ ಹೇಳಿ, ಅನಂತರ ನಿಮ್ಮ ಗೋತ್ರ, ಹೆಸರುಗಳನ್ನು ಸೇರಿಸುತ್ತೀರಿ. ಅತಿ ದೊಡ್ಡ ಭೂಗೋಳದಿಂದ ಆರಂಭವಾಗಿ ನಿಮ್ಮ ಹಜಾರದ ಮಣೆಯವರೆಗೆ ಬಂದು ನಿಲ್ಲುವ ಈ ವಾಕ್ಯವನ್ನು ಗಡಿಬಿಡಿಯಲ್ಲಿ ಮುಗಿಸಬೇಡಿ. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಅತಿಥಿಯನ್ನು ಕರೆಯುತ್ತಿದ್ದಾರೆಂಬುದನ್ನು ತಿಳಿಸುವ ಆಮಂತ್ರಣ ಇದು.

ನಂತರ ಪ್ರಾಣಪ್ರತಿಷ್ಠೆ. ಇಲ್ಲಿಯವರೆಗೆ ಮಣ್ಣಾಗಿದ್ದ ಮೂರ್ತಿ ಇಲ್ಲಿಂದ ಮುಂದೆ ಮನೆಗೆ ಬಂದ ದೇವರು; ಆದ್ದರಿಂದ ವಿಸರ್ಜನೆಯವರೆಗೆ ಹೊತ್ತುಹೊತ್ತಿಗೆ ದೀಪ, ನೈವೇದ್ಯ, ಆರತಿ ತಪ್ಪಬಾರದು, ಮನೆಗೆ ಬೀಗ ಹಾಕಿ ಎಲ್ಲರೂ ಹೊರಟುಬಿಡಬಾರದು. ಆಮೇಲಿನ ಉಪಚಾರಗಳಲ್ಲಿ ಆಸನ, ಕಾಲಿಗೆ ನೀರು, ಕೈಗೆ ನೀರು, ಕುಡಿಯಲು ನೀರು, ಸ್ನಾನ, ವಸ್ತ್ರ, ಯಜ್ಞೋಪವೀತ, ಗಂಧ, ಹೂವು, ಧೂಪ, ದೀಪ, ಊಟ, ತಾಂಬೂಲ ಎಲ್ಲವೂ ದೂರದಿಂದ ನಡೆದು ಬಂದ ನೆಂಟರಿಗೆ ಹಳ್ಳಿಯ ಮನೆಯಲ್ಲಿ ಮಾಡುವ ಸತ್ಕಾರದ ಅನುಕ್ರಮದಲ್ಲಿಯೇ ಇವೆ. ಮಣ್ಣಿನ ಮೂರ್ತಿಗೆ ಅಭಿಷೇಕ ಮಾಡುವಂತಿಲ್ಲ. ಗರಿಕೆಯಿಂದಲೋ ಹೂವಿನಿಂದಲೋ ನೀರನ್ನು ಚಿಮುಕಿಸಿ, ಪಂಚಾಮೃತವನ್ನು ಪಕ್ಕದಲ್ಲಿಟ್ಟ ಬೆಳ್ಳಿಯ ಗಣಪನಿಗೋ ಒಂದು ಅಡಿಕೆಗೋ ಎರೆಯಿರಿ.

ಹೂವಿನ ಪೂಜೆಯ ಜೊತೆಗೆ ಬರುವುದು ಪತ್ರಪೂಜೆ. ಮಾಚಿಪತ್ರೆ, ಬಿಲ್ವ, ಗರಿಕೆ, ದತ್ತೂರ, ಬೋರೆ, ಉತ್ತರಾಣಿ, ತುಳಸಿ, ಮಾವು, ಕಣಗಿಲೆ, ವಿಷ್ಣುಕ್ರಾಂತಿ, ದಾಳಿಂಬೆ, ಮರುಗ, ಲಕ್ಕಿ, ಜಾಜಿ, ಬನ್ನಿ, ಅರಳಿ, ಮತ್ತಿ, ಎಕ್ಕ ಮುಂತಾಗಿ ಇಪ್ಪತ್ತೊಂದು ಗಿಡಮರಗಳ ಎಲೆಗಳು ಇದಕ್ಕೆ ಬೇಕು. ವರ್ಷದ ಬೇರೆ ದಿನಗಳಲ್ಲಿ ಗಣಪತಿಗೆ ತುಳಸಿ ಏರಿಸುವುದಿಲ್ಲ, ಅಂದು ಮಾತ್ರ ಏರಿಸುತ್ತಾರೆ. ಇವುಗಳಲ್ಲಿ ಬಹುಪಾಲು ಮಳೆಗಾಲದ ಕೊನೆಗೆ ಬೇಲಿ, ಬಯಲು, ಕೆರೆಯ ಏರಿಗಳಲ್ಲಿ ಹುಲುಸಾಗಿ ಬೆಳೆದಿರುವಂಥವು. ಹಬ್ಬದ ನೆಪದಲ್ಲಿ ಮಕ್ಕಳು ಊರಿನ ಸುತ್ತಲಿನ ಗಿಡಗಳನ್ನು ಗುರುತಿಸಲು ಕಲಿಯುತ್ತಿದ್ದರು. ಮಾರುಕಟ್ಟೆಯ ಪತ್ರೆಯ ಕಟ್ಟಿನಲ್ಲಿ ಸಾಮಾನ್ಯವಾಗಿ ನಾಲ್ಕೈದು ಬಗೆಯ ಸೊಪ್ಪೇ ತಿರುಗಿ ತಿರುಗಿ ಬಂದಿರುತ್ತದೆ. ಅದರ ಬದಲು ನಿಮ್ಮ ಬಡಾವಣೆಯ ಪಾರ್ಕು, ಗೆಳೆಯರ ಹಿತ್ತಿಲು, ದೇವಸ್ಥಾನದ ಅಶ್ವತ್ಥಕಟ್ಟೆಗಳಿಂದ, ಕೇಳಿಕೊಂಡು, ಹೆಸರು ಗೊತ್ತಿರುವ ಏಳೆಂಟು ಎಲೆಗಳನ್ನು ಮಕ್ಕಳ ಜೊತೆ ಹೋಗಿ ತಂದರೆ ಸಾಕು. ಇಲ್ಲದವುಗಳ ಜಾಗಕ್ಕೆ ಅಕ್ಷತೆಯಿದೆ. ಒಂದು ಎಚ್ಚರಿಕೆ: ದತ್ತೂರ, ಎಕ್ಕ, ಕಣಗಿಲೆ ಮೂರೂ ವಿಷ. ಅವುಗಳನ್ನು ಬೇರೆಯ ತಟ್ಟೆಯಲ್ಲಿಡಿ, ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಮುಟ್ಟಿದ ಕೈಯನ್ನು ತೊಳೆಯದೆ ಪ್ರಸಾದ ಹಂಚಬೇಡಿ.

ಕಡುಬಿನ ವಿಚಾರ

ನೈವೇದ್ಯಕ್ಕೆ ಇಪ್ಪತ್ತೊಂದು ಕಡುಬು ಅಥವಾ ಮೋದಕ. ಇದರ ಜೊತೆಗೆ ಪಂಚಕಜ್ಜಾಯ, ಹೆಸರುಬೇಳೆ ಕೋಸಂಬರಿ, ಕಡಲೆಕಾಳಿನ ಉಸಲಿ, ಆಂಬೊಡೆ, ಪಾಯಸ. ಮುಂಚೆಯೇ ಮಾಡಿಟ್ಟ ಚಕ್ಕುಲಿ, ಕೋಡುಬಳೆ. ಮೊದಲ ಬಾರಿ ಮಾಡುವವರು ಎಲ್ಲವನ್ನೂ ಹೊತ್ತುಕೊಳ್ಳಬೇಕಿಲ್ಲ. ಕಡುಬು, ಕೋಸಂಬರಿ, ಪಂಚಕಜ್ಜಾಯಗಳನ್ನು ಮನೆಯಲ್ಲಿ ಮಾಡಿ, ಕರಿದ ತಿಂಡಿಯನ್ನು ಬಡಾವಣೆಯ ಕಾಂಡಿಮೆಂಟ್ಸ್ ಅಂಗಡಿಯಿಂದ ತಂದರೆ ಯಾರೂ ಆಕ್ಷೇಪಿಸುವುದಿಲ್ಲ.

ಕಡುಬು ಕೆಡುವುದು ಹೆಚ್ಚಾಗಿ ಹಿಟ್ಟಿನಲ್ಲಿ. ಎರಡು ಲೋಟ ನುಣ್ಣನೆಯ ಅಕ್ಕಿಹಿಟ್ಟಿಗೆ ಎರಡೂವರೆ ಲೋಟ ನೀರು ಕುದಿಯಲಿಟ್ಟು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ನೀರು ಮರಳಿದ ಮೇಲೆ ಉರಿಯನ್ನು ಸಣ್ಣಗೆ ಮಾಡಿ ಹಿಟ್ಟನ್ನು ಒಮ್ಮೆಗೇ ಸುರಿದು, ಕೋಲಿನಿಂದ ತಿರುವಿ ಮುಚ್ಚಿಡಿ. ಎರಡು ನಿಮಿಷದ ಬಳಿಕ ಇಳಿಸಿ, ಕೈ ತಾಳುವಷ್ಟು ಬಿಸಿಯಿರುವಾಗಲೇ, ಕೈಗೆ ಎಣ್ಣೆ ಸವರಿಕೊಂಡು ಚೆನ್ನಾಗಿ ನಾದಬೇಕು. ಆರಿದ ಮೇಲೆ ನಾದಿದ ಹಿಟ್ಟು ಒತ್ತುವಾಗ ಬಿರಿಯುತ್ತದೆ. ನಾದಿದ ಮೇಲೂ ಒದ್ದೆಬಟ್ಟೆ ಮುಚ್ಚಿಟ್ಟುಕೊಂಡು ಉಂಡೆಯಷ್ಟನ್ನೇ ಹೊರತೆಗೆಯಿರಿ. ಹೂರಣಕ್ಕೆ ಎರಡು ಲೋಟ ಕಾಯಿತುರಿಗೆ ಒಂದು ಲೋಟ ಬೆಲ್ಲ. ಬೆಲ್ಲ ಕರಗಿ ಮತ್ತೆ ಗಟ್ಟಿಯಾಗುತ್ತ ಬಾಣಲೆ ಬಿಡುವವರೆಗೆ ಕೆದಕಿ, ಏಲಕ್ಕಿ ಸೇರಿಸಿ, ಪೂರ್ತಿ ಆರಿಸಿ. ಹೂರಣದಲ್ಲಿ ನೀರಿನಂಶ ಉಳಿದರೆ ಹಬೆಯಲ್ಲಿ ಕಡುಬು ಒಡೆಯುವುದು ಖಂಡಿತ. ಬಾಳೆಎಲೆಗೆ ಎಣ್ಣೆ ಸವರಿ ಹಿಟ್ಟನ್ನು ತಟ್ಟಿ, ಹೂರಣವಿಟ್ಟು ಮಡಿಸಿ, ಅಂಚು ಒತ್ತಿ, ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಬೇಯಿಸಿದರೆ ಆಯಿತು. ನೆನೆಸಿದ ಉದ್ದಿನಬೇಳೆಯನ್ನು ಹಸಿಮೆಣಸಿನಕಾಯಿಯೊಂದಿಗೆ ತರಿಯಾಗಿ ರುಬ್ಬಿ, ಬೇಯಿಸಿ ಉದುರಿಸಿ, ಒಗ್ಗರಣೆ ಕೊಟ್ಟು ತುಂಬಿದರೆ ಖಾರದ ಕಡುಬು. ಸಿಹಿಯೊಂದನ್ನೇ ಮಾಡಿ ನಿಲ್ಲಿಸುವವರು ಖಾರದ ಕಡುಬಿನ ರುಚಿ ನೋಡಿಲ್ಲವೆಂದೇ ನನ್ನ ತೀರ್ಮಾನ.

ಪಂಚಕಜ್ಜಾಯ ಸುಲಭ: ಹುರಿಗಡಲೆ ಪುಡಿ, ಕೊಬ್ಬರಿ ತುರಿ, ಬೆಲ್ಲ, ಹುರಿದ ಎಳ್ಳು, ತುಪ್ಪ. ಬಂದವರಿಗೆಲ್ಲ ಕೈಗೆ ಹಾಕಲು ಇದಕ್ಕಿಂತ ಅನುಕೂಲವಾದ ಪ್ರಸಾದವಿಲ್ಲ.

ಚೌತಿಯ ಚಂದ್ರ

ಹೊಟ್ಟೆ ತುಂಬ ಕಡುಬು ತಿಂದು ಹೊರಟ ಗಣಪತಿಯನ್ನು ಕಂಡು ಚಂದ್ರ ನಕ್ಕನೆಂದೂ, ಅಂದು ತನ್ನನ್ನು ನೋಡಿದವರಿಗೆ ಅಪವಾದ ಬರಲೆಂದು ಶಾಪ ಪಡೆದನೆಂದೂ ಕಥೆ. ಚೌತಿಯ ಚಂದ್ರ ಸೂರ್ಯಾಸ್ತದ ವೇಳೆಗೆ ಪಶ್ಚಿಮದ ಆಕಾಶದಲ್ಲಿದ್ದು, ರಾತ್ರಿ ಒಂಬತ್ತರ ಆಸುಪಾಸಿಗೆ ಮುಳುಗುತ್ತಾನೆ. ಆ ಹೊತ್ತಿನವರೆಗೆ ತಾರಸಿ ಹತ್ತದಿದ್ದರೆ ಸಾಕು. ಬೆಂಗಳೂರಿನ ಮೋಡ ಎಷ್ಟೋ ವರ್ಷ ಆ ಶ್ರಮವನ್ನೂ ಉಳಿಸುತ್ತದೆ.

ನೋಡಿಬಿಟ್ಟವರಿಗೆ ಪರಿಹಾರವಾಗಿ ಬಂದದ್ದು ಸ್ಯಮಂತಕ ಮಣಿಯ ಕಥೆ. ಸತ್ರಾಜಿತನ ತಮ್ಮ ಪ್ರಸೇನ ಆ ಮಣಿಯನ್ನು ಧರಿಸಿ ಬೇಟೆಗೆ ಹೋಗಿ ಹಿಂತಿರುಗಲಿಲ್ಲ. ಮಣಿಗಾಗಿ ಕೃಷ್ಣನೇ ಕೊಂದನೆಂದು ಊರು ಆಡಿಕೊಂಡಿತು. ಕೃಷ್ಣ ಕಾಡಿಗೆ ಹೋಗಿ ಹೆಜ್ಜೆಗುರುತು ಹಿಡಿದು ನಡೆದು, ಪ್ರಸೇನನನ್ನು ಸಿಂಹ ಕೊಂದದ್ದನ್ನೂ, ಸಿಂಹವನ್ನು ಜಾಂಬವಂತ ಕೊಂದದ್ದನ್ನೂ ಕಂಡುಕೊಂಡ. ಗುಹೆಯಲ್ಲಿ ದಾದಿ ಜಾಂಬವಂತನ ಮಗುವಿಗೆ ಹಾಡುತ್ತಿದ್ದ ಮಾತೇ ಇಂದಿಗೂ ಪೂಜೆಯಲ್ಲಿ ಹೇಳುವ ಶ್ಲೋಕ: "ಸಿಂಹಃ ಪ್ರಸೇನಮವಧೀತ್ ಸಿಂಹೋ ಜಾಂಬವತಾ ಹತಃ | ಸುಕುಮಾರಕ ಮಾ ರೋದೀಸ್ತವ ಹ್ಯೇಷ ಸ್ಯಮಂತಕಃ ||" ಅಳಬೇಡ ಕಂದ, ಈ ಮಣಿ ನಿನ್ನದೇ ಎಂದು ತೊಟ್ಟಿಲ ಮಗುವನ್ನು ರಮಿಸುವ ಮಾತು ಅಪವಾದ ಹೊತ್ತವನ ಪಾಲಿಗೆ ಸಾಕ್ಷಿಯಾಯಿತು. ಇಪ್ಪತ್ತೆಂಟು ದಿನ ಹೋರಾಡಿದ ಮೇಲೆ ಜಾಂಬವಂತ ಮಣಿಯನ್ನೂ ಮಗಳು ಜಾಂಬವತಿಯನ್ನೂ ಕೃಷ್ಣನಿಗೆ ಒಪ್ಪಿಸಿದ. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೇಳಲು ಇದು ಒಳ್ಳೆಯ ಕಥೆ. ಕೇಳಿದ ಮಾತನ್ನು ಪರೀಕ್ಷಿಸದೆ ಮುಂದಕ್ಕೆ ಕಳುಹಿಸುವವರು ದ್ವಾರಕೆಯಲ್ಲಿಯೂ ಇದ್ದರೆಂಬುದು ದೊಡ್ಡವರ ಗಮನಕ್ಕೂ ಬರುತ್ತದೆ.

ಮನೆಯಿಂದಾಚೆಗೆ

ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಚೌತಿಯ ಸಂಜೆ ಮಕ್ಕಳು ಕೈಯಲ್ಲಿ ಅಕ್ಷತೆ ಹಿಡಿದು, "ನಿಮ್ಮನೇಲಿ ಗಣೇಶನ್ನ ಕೂರ್ಸಿದೀರಾ?" ಎಂದು ಕೇಳುತ್ತ ಮನೆಮನೆಗೆ ಹೋಗುತ್ತಿದ್ದರು. ನೂರೆಂಟು ಗಣಪತಿಗಳ ದರ್ಶನ ಮಾಡಬೇಕೆಂಬುದು ಗುರಿ; ಪರಿಚಯವೇ ಇಲ್ಲದ ಮನೆಯ ಬಾಗಿಲೂ ಅಂದು ತೆರೆದಿರುತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಇದನ್ನು ಮತ್ತೆ ನಡೆಸುವುದು ಬಹಳ ಸುಲಭ. ಗಣೇಶನನ್ನು ಕೂರಿಸಿದವರು ಸಂಜೆ ಐದರಿಂದ ಎಂಟರವರೆಗೆ ಬಾಗಿಲು ತೆರೆದಿಡುವುದಾಗಿ ವಾಟ್ಸಾಪ್ ಗುಂಪಿನಲ್ಲಿ ತಿಳಿಸಿದರೆ ಮಿಕ್ಕಿದ್ದನ್ನು ಮಕ್ಕಳು ನೋಡಿಕೊಳ್ಳುತ್ತಾರೆ.

ಹಬ್ಬವನ್ನು ತಾವು ಮಾಡದೆ, ಇನ್ನೊಬ್ಬರ ಮನೆಗೆ ನೋಡಲು ಹೋಗುವವರು ಪೂಜೆ, ನೈವೇದ್ಯ ಮುಗಿಯುವ ಹೊತ್ತಿಗೆ ಅಥವಾ ಸಂಜೆ ಹೋಗುವುದು ಉಚಿತ. ಹೂವೋ ಹಣ್ಣೋ ಕೈಯಲ್ಲಿರಲಿ. ಅಕ್ಷತೆ ಹಾಕಿ ನಮಸ್ಕರಿಸಿ, ಕೊಟ್ಟ ತಾಂಬೂಲವನ್ನು ಬೇಡವೆನ್ನದೆ ತೆಗೆದುಕೊಳ್ಳಿ, ಫೋಟೋ ತೆಗೆಯುವ ಮುನ್ನ ಒಂದು ಮಾತು ಕೇಳಿ.

ದೇವಾಲಯಗಳಲ್ಲಿ ಮೊದಲು ನೋಡಬೇಕಾದದ್ದು ಬಸವನಗುಡಿಯ ದೊಡ್ಡ ಗಣಪತಿ. ಸುಮಾರು 18 ಅಡಿ ಎತ್ತರದ ಈ ಏಕಶಿಲಾಮೂರ್ತಿಗೆ ಮಾಡುವ ಬೆಣ್ಣೆ ಅಲಂಕಾರ ಪ್ರಸಿದ್ಧ. ಚೌತಿಯ ದಿನ ಸಾಲು ಬಹಳ ಉದ್ದವಿರುವುದರಿಂದ ಮನೆಯ ಪೂಜೆಯನ್ನು ಬಿಟ್ಟು ಅಲ್ಲಿ ನಿಲ್ಲುವುದಕ್ಕಿಂತ ಒಂದೆರಡು ದಿನ ಕಳೆದು ಬೆಳಿಗ್ಗೆ ಬೇಗ ಹೋಗುವುದು ಜಾಣತನ. ಸಾರ್ವಜನಿಕ ಗಣೇಶೋತ್ಸವಕ್ಕೆ 1893ರಲ್ಲಿ ಪುಣೆಯಲ್ಲಿ ಬಾಲಗಂಗಾಧರ ತಿಲಕರು ಕೊಟ್ಟ ಚಾಲನೆಯ ಅಲೆ ಬೆಂಗಳೂರಿನಲ್ಲಿ ಬೇರೆಯದೇ ರೂಪ ಪಡೆಯಿತು. ಇಲ್ಲಿ ಅದು ಸಂಗೀತ ಕಚೇರಿಗಳ ಋತುವಾಯಿತು. ಬಸವನಗುಡಿಯಲ್ಲಿ ಶ್ರೀ ವಿದ್ಯಾರಣ್ಯ ಯುವಕ ಸಂಘ 1962ರಿಂದ ನಡೆಸಿಕೊಂಡು ಬಂದಿರುವ ಬೆಂಗಳೂರು ಗಣೇಶ ಉತ್ಸವದಲ್ಲಿ ಶಾಸ್ತ್ರೀಯ ಸಂಗೀತದಿಂದ ಚಲನಚಿತ್ರಗೀತೆಯವರೆಗೆ ಎಲ್ಲಕ್ಕೂ ವೇದಿಕೆಯಿದೆ. ಗಲ್ಲಿಯ ಪೆಂಡಾಲುಗಳ ಆರ್ಕೆಸ್ಟ್ರಾವನ್ನೂ ಒಂದು ಸಂಜೆ ನಿಂತು ಕೇಳಿ. ಚಂದಾ ಕೊಟ್ಟವರಿಗೆ ಅಷ್ಟು ಹಕ್ಕಿದೆ.

ನಿಮ್ಮ ನೆರೆಯಲ್ಲಿ ಬಾಗಲಕೋಟೆ, ಗದಗ, ಹಾವೇರಿಯ ಕಡೆಯವರಿದ್ದರೆ ಜೋಕುಮಾರನ ಬಗ್ಗೆ ಕೇಳಿ. ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಸಾಯುವ ಈ ಮಣ್ಣಿನ ದೇವರನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಾಡುತ್ತ ಮನೆಮನೆಗೆ ತರುತ್ತಾರೆ. ಭೂಮಿಗೆ ಬಂದ ಗಣಪತಿ ಕಡುಬು ತಿಂದು, ಎಲ್ಲರೂ ಸುಖವಾಗಿದ್ದಾರೆಂದು ಶಿವನಿಗೆ ವರದಿ ಒಪ್ಪಿಸುತ್ತಾನೆ. ಬೆನ್ನಿಗೇ ಬಂದ ಜೋಕುಮಾರ ಬೆಳೆ ಒಣಗಿದ್ದನ್ನೂ ಜನ ಹಸಿದಿದ್ದನ್ನೂ ಕಂಡು ಇದ್ದದ್ದನ್ನು ಇದ್ದಂತೆ ಹೇಳಿ ಮಳೆ ತರಿಸುತ್ತಾನೆ ಎಂಬುದು ಅಲ್ಲಿಯ ಜನಪದರ ನಂಬಿಕೆ. ಗೌರಿ, ಗಣೇಶ, ಜೋಕುಮಾರ ಮೂವರೂ ಒಂದೇ ಪಕ್ಷದಲ್ಲಿ ಬಂದು ಹೋಗುವುದನ್ನು ನೋಡಿದರೆ, ಈ ಹಬ್ಬದ ಬೇರು ಮಳೆ ಮತ್ತು ಬೆಳೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂಬುದು ತಿಳಿಯುತ್ತದೆ.

ಕಳುಹಿಸಿಕೊಡುವುದು

ಒಂದೇ ದಿನಕ್ಕೆ ವಿಸರ್ಜಿಸುವವರಿದ್ದಾರೆ. ಮೂರು, ಐದು, ಏಳು ಎಂದು ಬೆಸ ದಿನಗಳವರೆಗೆ ಇಡುವವರಿದ್ದಾರೆ. ಅನಂತನ ಚತುರ್ದಶಿಯವರೆಗೂ ಇಟ್ಟುಕೊಳ್ಳುವವರಿದ್ದಾರೆ. ಮಂಗಳವಾರ, ಶುಕ್ರವಾರಗಳಂದು ಮನೆಮಗಳನ್ನು ಕಳುಹಿಸುವುದಿಲ್ಲವಾದ್ದರಿಂದ ಗೌರಿಯನ್ನೂ ಆ ದಿನ ಕಳುಹಿಸದ ಮನೆಗಳು ಬಹಳ.

ಹೊರಡುವ ಮುನ್ನ ಉತ್ತರಪೂಜೆ. ಗೌರಿಗೆ ಮಡಿಲು ತುಂಬಿ, ಪ್ರಯಾಣದ ಬುತ್ತಿಯಾಗಿ ಮೊಸರನ್ನ ಅಥವಾ ಮೊಸರವಲಕ್ಕಿಯನ್ನು ನೈವೇದ್ಯ ಮಾಡಿ, ಆರತಿ ಎತ್ತಿ, "ಪುನರಾಗಮನಾಯ ಚ" ಎಂದು ಹೇಳಿ ವಿಗ್ರಹವನ್ನು ಸ್ವಲ್ಪ ಕದಲಿಸಬೇಕು. ಮತ್ತೆ ಬನ್ನಿ ಎಂದು ಹೇಳಿಯೇ ಕಳುಹಿಸುವುದರಿಂದ ಇದರಲ್ಲಿ ಶೋಕದ ಛಾಯೆಯಿಲ್ಲ. ಚಿಕ್ಕ ಮಕ್ಕಳು ಅಳುತ್ತಾರೆ, ಅತ್ತರೆ ಅಳಲಿ.

ಮನೆಯಲ್ಲಿಯೇ ವಿಸರ್ಜಿಸುವುದಾದರೆ ಹೂವು, ಗೆಜ್ಜೆವಸ್ತ್ರ, ಜನಿವಾರ, ಜರಿ, ತಂತಿ, ಪ್ಲಾಸ್ಟಿಕ್ ಮಣಿಗಳನ್ನೆಲ್ಲ ಮೊದಲು ತೆಗೆಯಿರಿ. ಅಗಲ ಬಾಯಿಯ ಬಕೆಟಿನಲ್ಲಿ ಮೂರ್ತಿ ಮುಳುಗುವಷ್ಟು ನೀರು ತುಂಬಿಸಿ, ಅರಿಶಿನ ಕುಂಕುಮ ಹಾಕಿ, ಮೊದಲು ಗೌರಿಯನ್ನೂ ಅನಂತರ ಗಣಪತಿಯನ್ನೂ ನಿಧಾನವಾಗಿ ಇಳಿಸಿ. ಹಸಿಮಣ್ಣಿನ ಮೂರ್ತಿ ಮರುದಿನದ ಹೊತ್ತಿಗೆ ಕರಗಿರುತ್ತದೆ. ಮಣ್ಣು ತಳಕ್ಕೆ ಇಳಿದ ಮೇಲೆ ನೀರನ್ನೂ ಮಣ್ಣನ್ನೂ ತೆಂಗಿನ ಮರದ ಬುಡಕ್ಕೋ ಹೂಕುಂಡಕ್ಕೋ ಹಾಕಿ. ಕಾಲು ತುಳಿಯುವ ಜಾಗ ಆಗದಿದ್ದರೆ ಸಾಕು. ಕೆರೆಗೇ ಒಯ್ಯಬೇಕೆನ್ನುವವರಿಗೆ ಹಲಸೂರು, ಸ್ಯಾಂಕಿ, ಯಡಿಯೂರು, ಹೆಬ್ಬಾಳಗಳಲ್ಲಿ ಕೆರೆಯ ಮುಖ್ಯ ನೀರಿನಿಂದ ಬೇರ್ಪಡಿಸಿದ ಕಲ್ಯಾಣಿಗಳಿವೆ. ಬಡಾವಣೆಗಳಲ್ಲಿ ಸಂಚಾರಿ ಟ್ಯಾಂಕರುಗಳನ್ನೂ ಪಾಲಿಕೆ ನಿಲ್ಲಿಸುತ್ತದೆ. ಅವುಗಳ ಸ್ಥಳ ಮತ್ತು ಸಮಯವನ್ನು ಹಬ್ಬದ ವಾರದ ಪತ್ರಿಕೆಗಳಲ್ಲಿ ನೋಡಿಕೊಂಡು ಹೊರಡಿ, ಏಕೆಂದರೆ ವಿಸರ್ಜನೆಯ ಸಂಜೆಗಳಲ್ಲಿ ಹಲಸೂರಿನ ಸುತ್ತ ವಾಹನ ಸಂಚಾರ ಬದಲಾಗಿರುತ್ತದೆ.

ಮರುದಿನ ಹೂವು, ಪತ್ರೆ, ಬಾಳೆಕಂದುಗಳನ್ನು ಹಸಿ ಕಸಕ್ಕೆ ಹಾಕುವ ಬದಲು ಗೊಬ್ಬರದ ಗುಂಡಿಯೋ ಮಡಕೆಯೋ ಇದ್ದರೆ ಅದಕ್ಕೆ ಸೇರಿಸಿ. ಬಾಳೆಕಂದನ್ನು ಮಾತ್ರ ಸಣ್ಣಗೆ ಕತ್ತರಿಸಿ ಹಾಕಬೇಕು. ಮಣೆಯ ಮೇಲೆ ಹರಡಿದ್ದ ಅಕ್ಕಿಯನ್ನೂ ಕಲಶದ ತೆಂಗಿನಕಾಯಿಯನ್ನೂ ಅಂದೇ ಪಾಯಸಕ್ಕೆ ಬಳಸುತ್ತಾರೆ. ಬಾಗಿನವಾಗಿ ಬಂದ ಮೊರವನ್ನು ಅಟ್ಟಕ್ಕೆ ಎಸೆಯದೆ ಅಡುಗೆಮನೆಯಲ್ಲಿಡಿ. ಕಾಳು ಕೇರಲು, ಹಪ್ಪಳ ಸಂಡಿಗೆ ಒಣಗಿಸಲು ಅದು ಇನ್ನೂ ಹಲವು ವರ್ಷ ಬರುತ್ತದೆ.